ಬ್ಯಾಂಕು ಸಾಲ ಕೊಡದ ಮನೆ

ಗೋವಾದ ಕಡಲಂಚಿನ ಹಳ್ಳಿಗಳಲ್ಲಿ ವರ್ಷದ ಹೆಚ್ಚು ದಿನ ಬೀಗ ಹಾಕಿಕೊಂಡೇ ಇರುವ ಮನೆಗಳಿವೆ. ಅವುಗಳ ಒಡೆಯರಲ್ಲಿ ಹಲವರು ದೆಹಲಿ, ಮುಂಬಯಿ, ಬೆಂಗಳೂರಿನವರು; ಕೆಲವರು ಇಂಗ್ಲೆಂಡಿನವರು, ರಷ್ಯಾದವರು. ಅವುಗಳ ಗೋಡೆಯೆತ್ತಿ, ಗಾರೆ ಬಳಿದು, ಹೆಂಚು ಹೊದಿಸಿದವರಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಜಿಲ್ಲೆಗಳಿಂದ ಬಂದ ನಮ್ಮವರು ಅನೇಕರು. ಕಟ್ಟಿಸಿದವನ ಮನೆಗೂ ಕಟ್ಟಿದವನ ಮನೆಗೂ ಹೋಲಿಕೆ ಎಲ್ಲಿಯದು ಎಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಕಾಗದಪತ್ರಗಳನ್ನು ಬಿಚ್ಚಿ ಎದುರಿಗೆ ಹರಡಿಕೊಂಡಾಗ ಆ ಎರಡೂ ಮನೆಗಳು ಒಮ್ಮೊಮ್ಮೆ ಒಂದೇ ಬಗೆಯ ಟೊಳ್ಳು ನೆಲದ ಮೇಲೆ ನಿಂತಿರುವುದು ಕಾಣುತ್ತದೆ.

ಮಡಗಾಂವಿನ ಪಶ್ಚಿಮಕ್ಕಿರುವ ಹಳ್ಳಿಯೊಂದರಲ್ಲಿ ಇಂಗ್ಲೆಂಡಿನ ನಿವೃತ್ತ ದಂಪತಿಗಳು 2005ರಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೊಂಡರು. ಪೌಂಡಿಗೆ ಆಗ ಸುಮಾರು 80 ರೂಪಾಯಿ ಇದ್ದ ಕಾಲ. ತಮ್ಮೂರಿನಲ್ಲಿ ಒಂದು ಕೋಣೆಗೂ ಸಾಲದ ಹಣಕ್ಕೆ ಇಲ್ಲಿ ತೆಂಗಿನ ಮರಗಳ ಸಹಿತ ಅಂಗಳವೇ ದೊರೆಯುತ್ತಿತ್ತು. ಪ್ರವಾಸಿ ವೀಸಾದ ಮೇಲೆ ಬಂದ ಅವರಿಗೆ ಇಲ್ಲಿಯ ಬ್ಯಾಂಕು ಗೃಹಸಾಲ ಕೊಡಲಿಲ್ಲ. ಅಲ್ಲಿಯ ಬ್ಯಾಂಕು ಗೋವಾದ ಮನೆಯನ್ನು ಒತ್ತೆಯಾಗಿ ಒಪ್ಪಲಿಲ್ಲ. ಕೊನೆಗೆ, ಸಾಲವೆಲ್ಲ ತೀರಿ ನಿಶ್ಚಿಂತವಾಗಿದ್ದ ತಮ್ಮ ಇಂಗ್ಲೆಂಡಿನ ಮನೆಯನ್ನೇ ಮರಳಿ ಅಡವಿಟ್ಟು ಹಣ ತಂದರು. ಹಣ ಬ್ಯಾಂಕಿನ ಮೂಲಕವೇ ಬಂದಿತು. ಮುದ್ರಾಂಕ ಶುಲ್ಕ ಕಟ್ಟಲಾಯಿತು. ಖರೀದಿಪತ್ರ ನೋಂದಣಿಯೂ ಆಯಿತು. ಕಳ್ಳಲೆಕ್ಕವೆಂಬುದು ಒಂದು ಪೈಸೆಯದೂ ಇರಲಿಲ್ಲ.

ಕೊರತೆಯಿದ್ದುದು ಕೊಳ್ಳುವವರ ಅರ್ಹತೆಯಲ್ಲಿ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ಭಾರತೀಯ ಮೂಲದವನಲ್ಲದ ವಿದೇಶಿಯನು ಇಲ್ಲಿಯ ನಿವಾಸಿಯಾಗದ ಹೊರತು ಸ್ಥಿರಾಸ್ತಿಯನ್ನು ಕೊಳ್ಳುವಂತಿಲ್ಲ. ಐದು ವರ್ಷ ಮೀರದ ಲೀಸಿಗೆ ಪಡೆಯಬಹುದು, ಅಷ್ಟೆ. ನಿವಾಸಿ ಎನಿಸಿಕೊಳ್ಳಲು ಹಿಂದಿನ ಹಣಕಾಸು ವರ್ಷದಲ್ಲಿ 182 ದಿನಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದಿರಬೇಕು. ದಲ್ಲಾಳಿಗಳು ಈ ಅರ್ಧವನ್ನಷ್ಟೇ ಬಾಯಿಪಾಠ ಮಾಡಿಕೊಂಡಿದ್ದರು. ಉಳಿದರ್ಧ ಹೀಗಿದೆ: ಬಂದ ಉದ್ದೇಶ ನೌಕರಿ, ವ್ಯಾಪಾರ ಅಥವಾ ಅನಿರ್ದಿಷ್ಟ ಕಾಲ ನೆಲೆಸುವುದು ಆಗಿರಬೇಕು. ಪ್ರವಾಸಿ ವೀಸಾದವನು ಮರಳಿ ಹೋಗುವೆನೆಂದು ಬರೆದುಕೊಟ್ಟೇ ಒಳಗೆ ಬಂದವನು. ಅವನು ದಿನಗಳನ್ನೆಣಿಸಿ ಏನು ಪ್ರಯೋಜನ? ದಲ್ಲಾಳಿಯ ಬಾಯಲ್ಲಿ ಕಾನೂನು ಯಾವಾಗಲೂ ಸರಳವಾಗಿಯೇ ಇರುತ್ತದೆ.

ಕೆಲವು ವರ್ಷಗಳ ತರುವಾಯ ಜಾರಿ ನಿರ್ದೇಶನಾಲಯವು ಗೋವಾದಲ್ಲಿ ವಿದೇಶಿಯರು ಮಾಡಿದ ಖರೀದಿಗಳ ವಿಚಾರಣೆಗೆ ತೊಡಗಿತು. ಆ ವೃದ್ಧರಿಗೂ ನೋಟೀಸು ಬಂದಿತು. ಕಾಯ್ದೆಯ 13ನೆಯ ಕಲಮಿನಂತೆ ದಂಡವು ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಆಸ್ತಿಯನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಮಾರಿದವನು ಹಣ ಎಣಿಸಿಕೊಂಡು ಹೋಗಿದ್ದ. ದಲ್ಲಾಳಿಯ ದೂರವಾಣಿ ಮೌನವಾಗಿತ್ತು. ಇಂಗ್ಲೆಂಡಿನ ಮನೆಯ ಕಂತು ಮಾತ್ರ ತಿಂಗಳು ತಪ್ಪದೆ ಕಡಿತವಾಗುತ್ತಿತ್ತು.

ಈ ಸಂಕಟವನ್ನು ಹತ್ತಿರದಿಂದ ಕಂಡವನು ಆ ಮನೆಯ ಜಗಲಿಯನ್ನು ದುರಸ್ತಿ ಮಾಡಿದ ಬಾದಾಮಿ ಕಡೆಯ ಗೌಂಡಿ. ಒಡೆಯರು ಬಾರದಿರುವಾಗ ಬೀಗದ ಕೈ ಅವನಲ್ಲಿಯೇ ಇರುತ್ತಿತ್ತು. ದೊಡ್ಡವರ ತೊಂದರೆ ದೊಡ್ಡದು ಎಂದು ಮರುಕಪಟ್ಟ. ತನ್ನ ಪೆಟ್ಟಿಗೆಯಲ್ಲಿಯೂ ಅಂತಹುದೇ ಒಂದು ಕಾಗದ ಬಂದು ಸೇರೀತೆಂದು ಅವನಿಗಾಗಲೀ ಹೆಂಡತಿಗಾಗಲೀ ಹೊಳೆದಿರಲಿಲ್ಲ.

ಹತ್ತಾರು ವರ್ಷ ಕಳೆದವು. ಜುವಾರಿನಗರದ ಬಾಡಿಗೆ ಕೋಣೆಯಲ್ಲಿದ್ದ ಅವನು, ಅಲ್ಲೇ ಹತ್ತಿರದಲ್ಲಿ ಎರಡು ಕೋಣೆಯ ಮನೆಯೊಂದನ್ನು ಎಂಟು ಲಕ್ಷಕ್ಕೆ ಗೊತ್ತುಮಾಡಿದ. ಹೆಂಡತಿಯ ಬಂಗಾರ, ಎರಡು ಚೀಟಿಯ ಹಣ, ಊರಿನವರಿಂದ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದ ಕೈಗಡ, ಇವೆಲ್ಲ ಸೇರಿ ಆರು ಲಕ್ಷವನ್ನು ನಗದಾಗಿ ಎಣಿಸಿಕೊಟ್ಟ. ನೂರು ರೂಪಾಯಿಯ ಮುದ್ರಾಂಕ ಕಾಗದದ ಮೇಲೆ ನೋಟರಿಯ ಮೊಹರು ಬಿತ್ತು. ಕೆಂಪು ಮೊಹರಿಗೆ ನಮ್ಮ ಜನ ಕೊಡುವ ಮರ್ಯಾದೆಯನ್ನು ದೇವರ ಕುಂಕುಮಕ್ಕೂ ಕೊಡಲಾರರೇನೋ.

ಉಳಿದ ಎರಡು ಲಕ್ಷಕ್ಕೆಂದು ಅವನು ಬ್ಯಾಂಕಿಗೆ ಹೋದಾಗ ಅಧಿಕಾರಿ ಕೇಳಿದ್ದು ಮೂರು: ಜಮೀನಿನ ಒಂದು ಮತ್ತು ಹದಿನಾಲ್ಕನೆಯ ನಮೂನೆಯ ಪಹಣಿ, ಭೂಪರಿವರ್ತನೆಯ ಸನದು, ಮಾರುವವನಿಗೆ ಆಸ್ತಿ ಬಂದ ಬಗೆಯ ಪತ್ರಗಳು. ಮೂರೂ ಇರಲಿಲ್ಲ. ಪಹಣಿ ತೆಗೆಸಿದಾಗ ಅದರಲ್ಲಿ ಮಾರುವವನ ಹೆಸರೇ ಇಲ್ಲ; ಇದ್ದುದು ಕೊಮುನಿದಾದ್ ಎಂಬ ಹೆಸರು. ಕೊಮುನಿದಾದ್ ಎಂದರೆ ಪೋರ್ಚುಗೀಸರು ಬರುವುದಕ್ಕಿಂತ ಹಿಂದಿನ ಗಾಂವಕಾರಿ ಪದ್ಧತಿಯಿಂದ ಉಳಿದುಬಂದ, ಗ್ರಾಮದ ಮೂಲ ಮನೆತನಗಳ ಸಾಮುದಾಯಿಕ ಒಡೆತನ. ಆ ನೆಲದ ಮೇಲೆ ಗೋಡೆಯೆಬ್ಬಿಸಿಕೊಂಡು ಕುಳಿತವನಿಗೆ ಮಾರಲು ನೆಲವೇ ಇಲ್ಲ. ಬ್ಯಾಂಕು ಸಾಲ ನಿರಾಕರಿಸಿತು.

ಬಡವರಿಗೆ ಬ್ಯಾಂಕಿನ ಬಾಗಿಲು ಮುಚ್ಚಿಯೇ ಇರುತ್ತದೆಂದು ಗೌಂಡಿ ನೊಂದುಕೊಂಡ. ಆ ಮಾತಿನಲ್ಲಿ ನಿಜವಿಲ್ಲದಿಲ್ಲ. ದಿನಗೂಲಿಯ ಆದಾಯಕ್ಕೆ ದಾಖಲೆ ಎಲ್ಲಿಂದ ಬರಬೇಕು? ಆದರೂ ಆ ದಿನದ ನಿರಾಕರಣೆ ಅವನಿಗೆ ಬಿಟ್ಟಿಯಾಗಿ ದೊರೆತ ಕಾನೂನು ಸಲಹೆಯೇ ಆಗಿತ್ತು. ಗೃಹಸಾಲ ಕೊಡುವ ಮುನ್ನ ಬ್ಯಾಂಕು ಸಾಮಾನ್ಯವಾಗಿ ತನ್ನ ವಕೀಲರಿಂದ ಹಿಂದಿನ ಮೂವತ್ತು ವರ್ಷಗಳ ಪತ್ರಗಳನ್ನು ಪರಿಶೀಲಿಸುತ್ತದೆ. ಸಾಲಗಾರನ ಮೇಲಿನ ಪ್ರೀತಿಯಿಂದಲ್ಲ, ತನ್ನ ಹಣದ ಭಯದಿಂದ. ಆ ಭಯವನ್ನು ಕೊಳ್ಳುವವನು ಎರವಲು ಪಡೆದರೆ ನಷ್ಟವಿಲ್ಲ. ಇಂಗ್ಲೆಂಡಿನ ದಂಪತಿಗಳಿಗೂ ಎರಡು ದೇಶಗಳ ಬ್ಯಾಂಕುಗಳು ಇಲ್ಲವೆಂದಿದ್ದವು. ಅವರು ಹಣಕ್ಕೆ ಬೇರೆ ದಾರಿ ಹುಡುಕಿದರೇ ಹೊರತು ಏಕೆ ಇಲ್ಲವೆಂದು ಕೇಳಲಿಲ್ಲ.

ಗೌಂಡಿಯ ಮನೆಯಲ್ಲಿ ಆ ಪ್ರಶ್ನೆ ಕೇಳಿದವಳು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ಮಗಳು. ಇಂಗ್ಲಿಷಿನ ಕರಾರುಪತ್ರವನ್ನು ನಿಘಂಟು ಹಿಡಿದು ಎರಡು ರಾತ್ರಿ ಓದಿ ಅವಳೆಂದಳು: “ಅಪ್ಪಾ, ಇದರಾಗ ಮಾರತೇನಿ ಅಂತ ಐತಿ, ಮಾರೇನಿ ಅಂತ ಎಲ್ಲೂ ಇಲ್ಲ. ದುಡ್ಡೂ ಒಂದ ಲಕ್ಷ ಅಂತ ಬರದಾರ.”

1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೆಯ ಕಲಮಿನ ತಿರುಳನ್ನೇ ಆ ಹುಡುಗಿ ಒಂದು ಅಕ್ಷರದ ವ್ಯತ್ಯಾಸದಲ್ಲಿ ಹೇಳಿಬಿಟ್ಟಳು. ಮಾರುವ ಕರಾರು ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಕರಾರು, ಮುಖ್ತಿಯಾರುಪತ್ರ, ಮರಣಶಾಸನಗಳ ಮೂಲಕ ಮಾಡುವ ಮಾರಾಟ ಮಾರಾಟವೇ ಅಲ್ಲವೆಂದು ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಲ್ಲದೆ 2015ರ ಜೂನ್ 1ರಿಂದ ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿನಲ್ಲಿ ನಿಷಿದ್ಧ. ಪಡೆದವನಿಗೆ ಅಷ್ಟೇ ಮೊತ್ತದ ದಂಡ. ಮಾರುವವನು ಕಾಗದದಲ್ಲಿ ಐದು ಲಕ್ಷವನ್ನು ಮರೆತದ್ದಕ್ಕೆ ಇಂತಹ ಕಾರಣಗಳೇ ಇರುತ್ತವೆ.

ಕೊಲ್ಲಿ ದೇಶಗಳಲ್ಲಿ ಮಕ್ಕಳನ್ನು ಬಿಟ್ಟಿರುವ ಕುಟುಂಬಗಳು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅನಿವಾಸಿ ಭಾರತೀಯನಿಗೆ ಇಂಗ್ಲೆಂಡಿನವರಿಗಿದ್ದ ಅಡ್ಡಿಯಿಲ್ಲ. ಅವನು ವಾಸದ ಮನೆಯನ್ನಾಗಲೀ ಅಂಗಡಿಯನ್ನಾಗಲೀ ಕೊಳ್ಳಬಹುದು. ಇಲ್ಲಿಯ ಬ್ಯಾಂಕಿನಿಂದ ಗೃಹಸಾಲವನ್ನೂ ಪಡೆಯಬಹುದು. ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ಹಣ ಬ್ಯಾಂಕಿನ ಮೂಲಕವೇ ಬರಬೇಕು. ರಜೆಯಲ್ಲಿ ಬಂದಾಗ ದಿನಾರು, ದಿರಹಮುಗಳ ನೋಟುಗಳನ್ನು ಮಾರುವವನ ಕೈಗಿತ್ತರೆ ಸಲ್ಲದು.

ಗೌಂಡಿ ಉಳಿದ ಎರಡು ಲಕ್ಷವನ್ನು ಕೊಡಲಿಲ್ಲ. ಕೊಟ್ಟ ಆರರಲ್ಲಿ ಎರಡೂವರೆ ಲಕ್ಷ ಊರಿನ ಹಿರಿಯರ ಒತ್ತಾಯದಿಂದ ಕಂತುಕಂತಾಗಿ ಹಿಂದಿರುಗಿತು. ಮಿಕ್ಕದ್ದರ ಬಡ್ಡಿಯನ್ನು ಹೆಂಡತಿ ಅಡಿಗೆ ಕೆಲಸದ ಕೂಲಿಯಿಂದ ತೀರಿಸುತ್ತಿದ್ದಾಳೆ. ಅವನು ಕೂಲಿಯನ್ನು ಖಾತೆಯ ಮೂಲಕವೇ ಪಡೆಯತೊಡಗಿ, ಮೂರು ವರ್ಷ ಆದಾಯ ತೆರಿಗೆಯ ವಿವರ ಸಲ್ಲಿಸಿದ. ಈಗ ಸಾಂಕವಾಳದ ಕಡೆ ಒಂದು ಹಳೆಯ ಪುಟ್ಟ ಮನೆ ನೋಡಿದ್ದಾನೆ. ಪಹಣಿಯಲ್ಲಿ ಮಾರುವವರ ತಂದೆಯ ಹೆಸರಿದೆ. ಸಾಲಕ್ಕೆ ಬ್ಯಾಂಕು ತಾತ್ವಿಕವಾಗಿ ಒಪ್ಪಿದೆ. ಗೋವಾ 1961ರಲ್ಲಿ ಭಾರತಕ್ಕೆ ಸೇರಿದರೂ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ನಿಯಮಗಳು ಇಲ್ಲಿ ಮುಂದುವರಿದವು. ಬೇರೆ ಒಪ್ಪಂದವಿಲ್ಲದಿದ್ದರೆ ಆಸ್ತಿಯಲ್ಲಿ ಗಂಡನಿಗೂ ಹೆಂಡತಿಗೂ ಸಮಪಾಲು. ಆದುದರಿಂದ ನಾಲ್ವರು ಒಡಹುಟ್ಟಿದವರ ಜೊತೆಗೆ ಅವರ ನಾಲ್ವರು ಸಂಗಾತಿಗಳೂ ಖರೀದಿಪತ್ರಕ್ಕೆ ಸಹಿ ಹಾಕಬೇಕು. ಏಳು ಸಹಿಗಳಿಗೆ ಜನ ಇಲ್ಲಿಯೇ ಇದ್ದಾರೆ. ಎಂಟನೆಯವಳು ಲಿಸ್ಬನ್ನಿನಲ್ಲಿರುವ ಕಿರಿಯ ಸೊಸೆ. ಅಲ್ಲಿ ದೃಢೀಕರಣವಾದ ಅವಳ ಮುಖ್ತಿಯಾರುಪತ್ರ ಅಂಚೆಯಲ್ಲಿದೆ ಎಂದು ಮಾರುವವರು ಹೇಳಿದ್ದಾರೆ. ಅದು ಕೈಸೇರುವವರೆಗೆ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡುವುದಿಲ್ಲವೆಂದು ಬ್ಯಾಂಕು ಬರೆದು ತಿಳಿಸಿದೆ.