ಮೈಲಾರದ ಬಂಡಿ, ಅಜ್ಜಿಯ ಕೌದಿ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿರುವ ಊರು ಮೈಲಾರ. ಉಳಿದ ದಿನಗಳಲ್ಲಿ ಶಾಂತವಾಗಿರುವ ಈ ಹಳ್ಳಿ ಭರತ ಹುಣ್ಣಿಮೆ ಬಂತೆಂದರೆ ಗುರುತು ಸಿಗದಷ್ಟು ಬದಲಾಗುತ್ತದೆ. ನದಿಯ ಆಚೆಯ ಹಾವೇರಿ ಸೀಮೆಯಿಂದ, ಈಚೆಯ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕಡೆಯಿಂದ ಜನ ಹರಿದುಬರುತ್ತಾರೆ. ದಾರಿಯುದ್ದಕ್ಕೂ ‘ಏಳುಕೋಟಿ’ಯ ಘೋಷ, ಗೊರವಪ್ಪಗಳ ಡಮರುಗದ ಸದ್ದು, ಗಾಳಿಯಲ್ಲಿ ಅರಿಶಿನದ ಭಂಡಾರ.

ಮೈಲಾರಲಿಂಗೇಶ್ವರನ ಈ ಜಾತ್ರೆಯ ಮುಖ್ಯ ಆಕರ್ಷಣೆ ಕಾರಣಿಕ. ಉಪವಾಸ ವ್ರತದಲ್ಲಿರುವ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನರ ಗದ್ದಲ ಒಮ್ಮೆಲೇ ಅಡಗುತ್ತದೆ. ಆ ಮೌನದಲ್ಲಿ ಅವರ ಬಾಯಿಂದ ಹೊರಡುವುದು ಒಂದೇ ಸಾಲು. ಆ ಸಾಲಿನಲ್ಲಿ ರೈತರು ಬರುವ ವರ್ಷದ ಮಳೆ ಬೆಳೆಯನ್ನು ಹುಡುಕಿದರೆ, ಇನ್ನು ಕೆಲವರು ರಾಜಕೀಯದ ಏರಿಳಿತವನ್ನು ಹುಡುಕುತ್ತಾರೆ. ಮರುದಿನ ಅದು ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ.

ಪತ್ರಿಕೆಗಳಲ್ಲಿ ಅಚ್ಚಾಗದ ಇನ್ನೊಂದು ನೋಟವೂ ಮೈಲಾರದಲ್ಲುಂಟು. ಬಿಲ್ಲಿನ ಕಡೆ ಎತ್ತಿದ ತಲೆಯನ್ನು ಸ್ವಲ್ಪ ತಗ್ಗಿಸಿ, ಸಾಲಾಗಿ ನಿಂತ ಬಂಡಿಗಳ ಒಳಗೆ ಕಣ್ಣು ಹಾಯಿಸಿದರೆ ಸಾಕು, ಅದು ಕಾಣುತ್ತದೆ.

ಬಂಡಿಯೊಳಗಿನ ಬಣ್ಣ

ಟ್ರಾಕ್ಟರು, ಬಸ್ಸುಗಳ ಕಾಲದಲ್ಲೂ ಮೈಲಾರಕ್ಕೆ ಎತ್ತಿನ ಬಂಡಿ ಕಟ್ಟಿಕೊಂಡು ಬರುವ ಕುಟುಂಬಗಳಿವೆ. ಎತ್ತುಗಳ ಕೊರಳಿಗೆ ಗೆಜ್ಜೆ, ಕೋಡಿಗೆ ಗೊಂಡೆ, ಬೆನ್ನ ಮೇಲೆ ಬಣ್ಣದ ಜೂಲ. ಬಂಡಿಯಲ್ಲಿ ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ. ಹಗಲು ಅದು ಕೂರುವ ಹಾಸು, ರಾತ್ರಿ ಹೊದಿಕೆ. ಬಿಸಿಲೇರಿದಾಗ ನಾಲ್ಕು ಕೋಲಿಗೆ ಕಟ್ಟಿದರೆ ಚಪ್ಪರ, ಕೂಸು ಅತ್ತರೆ ಅದೇ ಜೋಲಿ. ಫೆಬ್ರವರಿಯ ಹೊತ್ತಿನಲ್ಲಿ ನದಿಯ ದಂಡೆಗೆ ಬೆಳಗಿನ ಜಾವ ಒಳ್ಳೆಯ ಚಳಿ ಇರುತ್ತದೆ. ಬಯಲಿನಲ್ಲಿ ಮಲಗಿದವರಿಗೆ ಆಗ ಆಸರೆ ಎರಡೇ: ಒಂದು ಕಂಬಳಿ, ಇನ್ನೊಂದು ಕೌದಿ. ಕಂಬಳಿ ಮಗ್ಗದ ಕೂಸಾದರೆ ಕೌದಿ ಸೂಜಿಯ ಕೂಸು.

ಬಂಡಿಯೊಂದರ ನೆರಳಿನಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು, ‘ಅವ್ವಾ, ಈ ಕೌದಿ ಎಷ್ಟು ವರ್ಷದ್ದು?’ ಎಂದು ಕೇಳಿದೆ.

‘ನನ್ನ ಮಗಳು ತೊಟ್ಟಿಲಾಗ ಇದ್ದಾಗ ಹೊಲ್ದಿದ್ದು ನೋಡ್ರಿ. ಈಗ ಆಕಿ ಮಗ ಇದರ ಮ್ಯಾಲ ಮಲಗ್ಯಾನ’ ಎಂದರು. ಬೆರಳಿಟ್ಟು ಒಂದೊಂದೇ ತುಂಡು ತೋರಿಸುತ್ತ ಹೋದರು. ಇದು ಅತ್ತೆಯ ಇಳಕಲ್ಲ ಸೀರೆ, ಇದು ಮಾವನವರ ಧೋತರದ ಅಂಚು, ಇದು ಮಗ ಮೊದಲ ವರ್ಷ ಸಾಲಿಗೆ ಹಾಕಿಕೊಂಡು ಹೋದ ಅಂಗಿ. ಮೂರು ತಲೆಮಾರಿನ ಚರಿತ್ರೆ ಬಂಡಿಯಲ್ಲಿ ಹಾಸಿಕೊಂಡಿತ್ತು!

‘ಈಗಲೂ ಹೊಲೀತೀರೇನು?’ ಎಂದದ್ದಕ್ಕೆ ನಕ್ಕರು. ‘ಕೈ ಅದಾವು, ಕಣ್ಣು ಮಂಜಾಗ್ಯಾವು. ಮೊಮ್ಮಗ ಸೂಜಿಗೆ ದಾರ ಏರಿಸಿಕೊಟ್ರ ನಾಕು ಸಾಲು ಹಾಕ್ತೀನಿ. ಅವಂಗ ಪುರಸೊತ್ತು ಎಲ್ಲೈತ್ರಿ?’

ಹೊಲಿಗೆ ಕಲಿಯಲು ಯಾವ ತರಗತಿಗೆ ಸೇರಬೇಕೆಂದು ಕೇಳುವ ಮಕ್ಕಳಿಗೆ ಈ ಮಾತಿನಲ್ಲೇ ಉತ್ತರವಿದೆ. ಅಜ್ಜಿಯ ಸೂಜಿಗೆ ದಾರ ಏರಿಸುವುದೇ ಮೊದಲ ಪಾಠ. ಅಲ್ಲಿಂದ ಮುಂದಿನ ಪಾಠಗಳು ತಾವಾಗಿಯೇ ಬರುತ್ತವೆ.

ಒಂದೊಂದೇ ಸಾಲು

ಕೌದಿಯ ಕಟ್ಟು ಬಹಳ ಸರಳ. ಹಳೆಯ ಸೀರೆ, ಧೋತರಗಳನ್ನು ಎರಡು ಮೂರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ಆಮೇಲೆ ಸೂಜಿ ಮೇಲೆ ಕೆಳಗೆ ಹಾಯುತ್ತ ಹೋಗುವ ಸಾದಾ ಹೊಲಿಗೆಯಲ್ಲಿ ಎಲ್ಲ ಪದರಗಳನ್ನೂ ಒಂದಾಗಿ ಹಿಡಿಯುತ್ತಾರೆ. ಒಂದು ಸಾಲಿನ ಪಕ್ಕಕ್ಕೆ ಇನ್ನೊಂದು ಸಾಲು. ಸಾಲುಗಳ ನಡುವಿನ ಗಾಳಿಯೇ ಮೈಗೆ ಬೆಚ್ಚಗಿನ ಹೊದಿಕೆಯಾಗುತ್ತದೆ. ಒಗೆದಷ್ಟೂ ಕೌದಿ ಮೆತ್ತಗಾಗುತ್ತದೆ. ಹರಿದಲ್ಲಿ ಇನ್ನೊಂದು ತುಂಡು ಕೂರುತ್ತದೆ.

ಕೌದಿಯ ಇನ್ನೊಂದು ಗುಣವೆಂದರೆ ಅದಕ್ಕೆ ನಾಲ್ಕು ಕಡೆಯೂ ಜಾಗವಿದೆ. ನೆಲದ ಮೇಲೆ ಹಾಸಿದರೆ ಅಜ್ಜಿ ಒಂದು ಅಂಚಿಗೆ, ತಾಯಿ ಇನ್ನೊಂದಕ್ಕೆ, ಪಕ್ಕದ ಮನೆಯ ಅಕ್ಕ ಮತ್ತೊಂದಕ್ಕೆ ಕೂರಬಹುದು. ಉಳಿದ ಅಂಚು ಕಲಿಯುವ ಮಗುವಿಗೆ. ಮಗುವಿನ ಹೊಲಿಗೆ ಸೊಟ್ಟಗಾದರೂ ಕೌದಿ ಕೆಡುವುದಿಲ್ಲ. ದೊಡ್ಡವರ ನೂರು ಸಾಲಿನ ನಡುವೆ ಆ ನಾಲ್ಕು ಸೊಟ್ಟ ಸಾಲುಗಳೂ ಸೇರಿಹೋಗುತ್ತವೆ. ಬಯ್ಗುಳವಿಲ್ಲದೆ ಕಲಿಸುವ ಇಂಥ ಶಾಲೆ ಬೇರೆಲ್ಲಿದೆ?

ನೆರೆಹೊರೆಯ ಸೂಜಿಗಳು

ಮೈಲಾರದ ಸುತ್ತಲಿನ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಹಲವು. ಇಲ್ಲಿನ ಹಿರಿಯ ಹೆಣ್ಣುಮಕ್ಕಳ ಫೇಟಿಯಾ, ಕಾಂಚಳಿಗಳನ್ನು ಹತ್ತಿರದಿಂದ ನೋಡಿದರೆ ಬಟ್ಟೆಯ ತುಂಡು, ಕನ್ನಡಿ, ಕವಡೆ, ನಾಣ್ಯಗಳನ್ನು ದಾರದ ಬಲದಿಂದಲೇ ಹಿಡಿದಿಟ್ಟ ಕುಶಲತೆ ಕಾಣುತ್ತದೆ. ಪಕ್ಕದ ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ದುಡಿಯುವ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಸೇರಿತು. ತಾಂಡಾದ ಅಂಗಳದಲ್ಲಿ ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಅದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ‘ಕವಂದಿ’ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಜನ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂಗಳನ್ನಿಡದೆ ಕವಂದಿ ಪೂರ್ತಿಯಾಗದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಧ್ಯಯನ ಮಾಡಿ ಅಲ್ಲಿ ಪ್ರದರ್ಶನಕ್ಕಿಟ್ಟರು. ಅದೇ ಅಮೆರಿಕದ ಅಲಬಾಮದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹೊಲಗೆಲಸದ ಹಳೆಯ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆಯೇರಿದವು. ಬಂಗಾಳದ ಕಾಂಥಾ, ಬಿಹಾರದ ಸುಜನಿಗಳ ಹುಟ್ಟೂ ಹಳೆಯ ಸೀರೆಯಿಂದಲೇ. ಬಡತನ ಎಲ್ಲ ದೇಶಗಳಲ್ಲೂ ಒಂದೇ ಪಾಠ ಕಲಿಸಿದೆ: ತುಂಡನ್ನು ಎಸೆಯಬೇಡ, ಜೋಡಿಸು.

ನಮ್ಮಲ್ಲಿ ಸೂಜಿಯ ಕೆಲಸಕ್ಕೆ ಹಳೆಯ ಗೌರವವೂ ಇದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರ ಹೆಸರೇ ಸೂಜಿಕಾಯಕದ ರಾಮಿತಂದೆ. ಯಂತ್ರಗಳ ಬಗ್ಗೆ ಕಟ್ಟುನಿಟ್ಟಾಗಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟು, ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಅದೂ ಒಂದು ಎಂದಿದ್ದರು.

ಮೊದಲ ಕೌದಿ ಹೀಗೆ

ಮಕ್ಕಳು ಒಮ್ಮೆಗೇ ಹಾಸಿಗೆಯಗಲದ ಕೌದಿಗೆ ಕೈಹಾಕಬಾರದು. ಅರ್ಧಕ್ಕೆ ನಿಂತು ಅಟ್ಟ ಸೇರುವ ಕೆಲಸ ಅದು. ಇಪ್ಪತ್ತು ಇಂಚಿನ ಒಂದು ಪುಟ್ಟ ಹಾಸು ಸಾಕು. ಗೊಂಬೆಗೆ ಹೊದಿಕೆಯಾದೀತು, ಕುರ್ಚಿಯ ಮೇಲೆ ಮೆತ್ತೆಯಾದೀತು.

ಬಟ್ಟೆ: ಒಗೆದು ಒಣಗಿಸಿದ ಹಳೆಯ ಹತ್ತಿಯ ಬಟ್ಟೆಯೇ ಮೇಲು. ಅದು ಮೆತ್ತಗಿರುವುದರಿಂದ ಸೂಜಿ ಸಲೀಸಾಗಿ ಇಳಿಯುತ್ತದೆ. ಜಾರುವ ಪಾಲಿಯೆಸ್ಟರ್ ಕೈ ಪಳಗಿದ ಮೇಲೆ ನೋಡಿಕೊಳ್ಳಿ.

ಲೆಕ್ಕ: ಹಳೆಯ ನೋಟ್‌ಬುಕ್ಕಿನ ರಟ್ಟಿನಲ್ಲಿ ಆರು ಇಂಚಿನ ಚೌಕ ಕತ್ತರಿಸಿಕೊಳ್ಳಿ. ಅದನ್ನಿಟ್ಟು ಬಣ್ಣದ ಬಟ್ಟೆಯಲ್ಲಿ 16 ಚೌಕ ಕತ್ತರಿಸಿ. ಪ್ರತಿ ಚೌಕದ ನಾಲ್ಕೂ ಬದಿ ಅರ್ಧ ಇಂಚು ಒಳಕ್ಕೆ ಮಡಿಸಿದರೆ ಉಳಿಯುವುದು ಐದು ಇಂಚು. ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು ಜೋಡಿಸಿದರೆ ನಾಲ್ಕೈದಲ ಇಪ್ಪತ್ತು! ಅಡಿಗೆ ಎರಡು ಪದರು ಹಳೆಯ ಸೀರೆ ಬೇಕು. ಅದನ್ನು 21 ಇಂಚಿಗೆ ಕತ್ತರಿಸಿ, ಸುತ್ತ ಅರ್ಧ ಇಂಚು ಒಳಕ್ಕೆ ಮಡಿಸಿದರೆ ಅದೂ ಇಪ್ಪತ್ತೇ ಆಗುತ್ತದೆ. ಅಳತೆ, ಚೌಕ, ವಿಸ್ತೀರ್ಣಗಳ ಪಾಠ ಇಲ್ಲೇ ಮುಗಿದುಹೋಯಿತು.

ದಾರ: ಒಂದು ಮೊಳಕ್ಕಿಂತ ಉದ್ದ ಬೇಡ. ಬೇಗ ಮುಗಿಸುವ ಆಸೆಯಿಂದ ಉದ್ದ ದಾರ ತೆಗೆದುಕೊಂಡರೆ ಗಂಟು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ಹೊಲಿಗೆ: ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆಯಲ್ಲಿ ತುಂಡುಗಳನ್ನು ಜಾಗದಲ್ಲಿ ನಿಲ್ಲಿಸಿ. ಬಳಿಕ ಅಂಚಿನಿಂದ ಒಳಕ್ಕೆ ಸಾದಾ ಹೊಲಿಗೆ ಹಾಕುತ್ತ ಬನ್ನಿ. ಸಾಲುಗಳ ನಡುವೆ ಒಂದು ಬೆರಳಿನ ಅಂತರವಿರಲಿ. ಹೊಲಿಗೆ ಅಕ್ಕಿ ಕಾಳಿನಷ್ಟಿದ್ದರೆ ಚೆಂದ. ಮೊದಲಿಗೆ ಕಡಲೆಯಷ್ಟಾದರೂ ಚಿಂತೆಯಿಲ್ಲ. ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಮುದುಡುತ್ತದೆ. ಎಲ್ಲ ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿಬಿಡಿ.

ಎಚ್ಚರ: ಕೂರುವ ಮುಂಚೆ ಸೂಜಿ ಎಷ್ಟೆಂದು ಎಣಿಸಿ, ಏಳುವಾಗ ಮತ್ತೆ ಎಣಿಸಿ. ಸೂಜಿಯನ್ನು ಬಾಯಲ್ಲಿ ಕಚ್ಚಬೇಡಿ, ಹಾಸಿಗೆಯ ಮೇಲೆ ಬಿಡಬೇಡಿ. ಬಟ್ಟೆಯ ಉಂಡೆಯೊಂದಕ್ಕೆ ಚುಚ್ಚಿಡುವುದನ್ನು ರೂಢಿಸಿಕೊಳ್ಳಿ. ತೀರ ಚಿಕ್ಕ ಮಕ್ಕಳಿಗೆ ರಟ್ಟಿನಲ್ಲಿ ತೂತು ಕೊರೆದು, ಮೊಂಡ ಸೂಜಿ ಮತ್ತು ಉಣ್ಣೆಯ ದಾರ ಕೊಟ್ಟರೆ ಅದೇ ಒಂದು ಆಟ.

ಸಾದಾ ಹೊಲಿಗೆ ಕೈಗೆ ಬಂದವರಿಗೆ ಧಾರವಾಡದ ಕಸೂತಿಯೂ ದೂರವಲ್ಲ. ಅಲ್ಲಿನ ಗವಂತಿಯಲ್ಲಿ ಸೂಜಿ ಒಮ್ಮೆ ಸಾದಾ ಹೊಲಿಗೆಯಂತೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಹಿಂತಿರುಗುತ್ತದೆ. ಮುರಗಿ, ನೇಯ್ಗೆ, ಮೆಂತ್ಯೆ ಅದರ ಮುಂದಿನ ಮೆಟ್ಟಿಲುಗಳು. ಕಾಲಿನಿಂದ ತುಳಿಯುವ ಮಷಿನ್ನು ಆಮೇಲೆ ಬರಲಿ. ಮೊದಲು ಕೈ ಕಲಿಯಲಿ.

ತಂದೆ ತಾಯಿಗಳಿಗೆ ಒಂದು ಮಾತು

ಓದಿನಲ್ಲಿ ಹಿಂದೆ ಬಿದ್ದವರಿಗೆ ಹೊಲಿಗೆ, ಮುಂದಿದ್ದವರಿಗೆ ಟ್ಯೂಷನ್ನು ಎಂಬ ಎಣಿಕೆ ನಮ್ಮಲ್ಲಿದೆ. ಹೊಲಿಗೆ ಹೆಣ್ಣುಮಕ್ಕಳ ಕೆಲಸವೆಂಬ ಎಣಿಕೆಯೂ ಉಂಟು. ಊರಿನ ದರ್ಜಿ ಅಂಗಡಿಯಲ್ಲಿ ಕುಳಿತವರು ಗಂಡಸರೇ ಎಂಬುದನ್ನು ಹೀಗೆನ್ನುವವರು ಮರೆತಿರುತ್ತಾರೆ! ಅಂಗಿಯ ಗುಂಡಿ ಕಿತ್ತುಹೋದರೆ ಹಚ್ಚಿಕೊಳ್ಳಲು, ಪಾಟಿಚೀಲದ ಪಟ್ಟಿ ಹರಿದರೆ ಜೋಡಿಸಲು ಗಂಡು ಹೆಣ್ಣೆನ್ನದೆ ಪ್ರತಿ ಮಗುವಿಗೂ ಬರಬೇಕು. ಹರಿದದ್ದನ್ನು ಎಸೆಯದೆ ಸರಿಪಡಿಸಬಹುದೆಂಬ ನಂಬಿಕೆ ಬಟ್ಟೆಯಿಂದಲೇ ಶುರುವಾಗಲಿ. ಗಂಟೆಗಟ್ಟಲೆ ಮೊಬೈಲಿಗೆ ಅಂಟಿದ ಕಣ್ಣುಗಳಿಗೂ ಬೆರಳುಗಳಿಗೂ ಇದು ಬೇರೆಯೇ ಕೆಲಸ ಕೊಡುತ್ತದೆ.

ಇನ್ನೊಂದು ಕಾರಣ ತುಸು ಕಹಿಯಾದದ್ದು. ಸಂತೆಯಲ್ಲಿ ನುಣುಪಾದ ರಗ್ಗುಗಳು ಅಗ್ಗವಾಗಿ ಸಿಗುತ್ತವೆ. ತಿಂಗಳುಗಟ್ಟಲೆ ಕುಳಿತು ಕೌದಿ ಹೊಲಿಯುವವರ ಶ್ರಮಕ್ಕೆ ತಕ್ಕ ಬೆಲೆ ಕೊಡುವವರು ಕಡಿಮೆ. ಉಡುವ ಸೀರೆಗಳೂ ಹತ್ತಿಯಿಂದ ನೈಲಾನು, ಪಾಲಿಯೆಸ್ಟರಿಗೆ ತಿರುಗಿದ್ದರಿಂದ ಕೌದಿಗೆ ಬೇಕಾದ ಮೆತ್ತನೆಯ ಬಟ್ಟೆಯೂ ಮನೆಯಲ್ಲಿ ಉಳಿಯುತ್ತಿಲ್ಲ. ಬಲ್ಲವರಲ್ಲಿ ಹೆಚ್ಚಿನವರು ವಯಸ್ಸಾದವರು. ಪುಸ್ತಕದ ವಿದ್ಯೆಯಾದರೆ ಕಪಾಟಿನಲ್ಲಿ ಕಾಯುತ್ತದೆ; ಕೈಯ ವಿದ್ಯೆ ಆ ಕೈ ಇರುವತನಕ ಮಾತ್ರ. ಕಲಿಸುವವರು ಮನೆಯಲ್ಲೇ ಇರುವಾಗ ಕಲಿತುಕೊಳ್ಳುವುದು ಜಾಣತನ.

ಬರುವ ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋಗುವಾಗ ಚೀಲದಲ್ಲಿ ಒಂದು ಸೂಜಿ ಪೊಟ್ಟಣ, ಒಂದು ದಾರದ ಉಂಡೆ, ನಿಮಗೆ ಸಣ್ಣದಾದ ಒಂದು ಅಂಗಿ ಇರಲಿ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಸೀರೆ ಇದ್ದೇ ಇರುತ್ತದೆ. ಅದು ಯಾರ ಸೀರೆ, ಯಾವ ಮದುವೆಗೆ ತಂದದ್ದು ಎಂದು ಕೇಳಿ ತಿಳಿದು, ಆಮೇಲೆ ಕತ್ತರಿ ಹಾಕಿ.

ಹೋಗುವುದು ಹೇಗೆ?

ಹೂವಿನಹಡಗಲಿ, ಹರಪನಹಳ್ಳಿ, ರಾಣೆಬೆನ್ನೂರುಗಳ ಮೂಲಕ ರಸ್ತೆಯಲ್ಲಿ ಮೈಲಾರ ತಲುಪಬಹುದು. ರಾಣೆಬೆನ್ನೂರು, ಹರಪನಹಳ್ಳಿಗಳಲ್ಲಿ ರೈಲು ನಿಲ್ದಾಣಗಳಿವೆ. ಜಾತ್ರೆ ನಡೆಯುವುದು ಭರತ ಹುಣ್ಣಿಮೆಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಜನಸಂದಣಿ ಬೇಡವೆನ್ನುವವರು ಬೇರೆ ದಿನಗಳಲ್ಲಿ ಹೋಗಿ, ಇದೇ ತಾಲ್ಲೂಕಿನ ಕುರುವತ್ತಿಯಲ್ಲಿರುವ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ದೇವಾಲಯವನ್ನೂ ನೋಡಿಬರಬಹುದು. ಜಾತ್ರೆಗೇ ಹೋಗುವಿರಾದರೆ ರಾತ್ರಿಯ ಚಳಿಗೆ ಹೊದಿಕೆ ಮರೆಯಬೇಡಿ. ಅದು ಮನೆಯಲ್ಲಿ ಹೊಲಿದ ಕೌದಿಯಾದರೆ ಇನ್ನೂ ಒಳ್ಳೆಯದು.