ಕುಡಿ ಮುರಿಯಲು ಹೆದರಿ ಕಳೆದುಕೊಂಡ ಕಾಮಕಸ್ತೂರಿ

ಕಾಮಕಸ್ತೂರಿಯೂ ತುಳಸಿಯೂ ಒಂದೇ ಕುಲದ ಗಿಡಗಳು. ಎದುರುಬದುರು ಎಲೆ, ಚೌಕ ಕಾಂಡ, ತುದಿಯಲ್ಲಿ ತೆನೆಯಂಥ ಹೂ. ನಾನು ಎಡವಿದ್ದು ಈ ಹೋಲಿಕೆಯಲ್ಲೇ. ನಮ್ಮ ಮನೆಯಲ್ಲಿ ತುಳಸಿಗೆ ಕತ್ತರಿ ತಾಗಿಸುವುದಿಲ್ಲ. ಮುಸ್ಸಂಜೆ ಕೀಳಬಾರದು, ದ್ವಾದಶಿಯಂದು ಕೀಳಬಾರದು, ಕಿತ್ತರೂ ಪೂಜೆಗೆ ಬೇಕಾದಷ್ಟೇ ದಳ. ಚಿಕ್ಕಂದಿನಿಂದ ಕೈಗೆ ಅಂಟಿದ ಆ ಅಭ್ಯಾಸವನ್ನೇ ಕಾಮಕಸ್ತೂರಿಯ ಕುಂಡಕ್ಕೂ ಒಯ್ದೆ.

ಶರಬತ್ತಿಗೆಂದು ಅಂಗಡಿಯಲ್ಲಿ ಮಾರುವ ಕಪ್ಪು ಬೀಜವನ್ನೇ ಬಿತ್ತಿದ್ದೆ. ನೀರು ತಾಗಿದೊಡನೆ ಸುತ್ತ ಲೋಳೆ ಕಟ್ಟಿಕೊಳ್ಳುವ ಈ ಬೀಜವನ್ನು ಆಳಕ್ಕೆ ಹೂಳಬಾರದು. ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಬೆಚ್ಚಗಿನ ಹವೆಯಲ್ಲಿ 5ರಿಂದ 10 ದಿನಕ್ಕೆ ಮೊಳಕೆ ಬರುತ್ತದೆ. ಬಂತು ಕೂಡ. ಗಿಡ ಗೇಣುದ್ದವಾದಾಗ ಬುಡದ ದೊಡ್ಡ ಎಲೆಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ. ತುದಿಯ ಎಳೆ ಕುಡಿಯನ್ನು ಮುಟ್ಟಲಿಲ್ಲ. ಅದನ್ನು ಮುರಿದರೆ ಗಿಡಕ್ಕೆ ನೋವಾದೀತು ಎಂಬ ಭಾವನೆ. ಗಿಡ ಒಂಟಿ ಕಡ್ಡಿಯಾಗಿ ಮೇಲೇರಿತು, ತುದಿಯಲ್ಲಿ ತೆನೆ ಬಿಟ್ಟಿತು. ಹೂ ಬಂತೆಂದು ಸಂಭ್ರಮಪಟ್ಟೆ. ಆಮೇಲೆ ಬಂದ ಎಲೆಗಳೆಲ್ಲ ಸಣ್ಣವು, ಒರಟು. ಮೂಗಿಗೆ ಹಿಡಿದರೂ ಮೊದಲಿನ ಪರಿಮಳವಿಲ್ಲ. ಕಾಂಡ ಕಟ್ಟಿಗೆಯಾಗಿ, ಬೀಜ ಉದುರಿ, ಗಿಡ ಒಣಗಿತು. ಮರುವರ್ಷವೂ ಹಾಗೇ ಆಯಿತು.

ಹೂವಿನ ಅಂಗಡಿಯಲ್ಲಿ ಮಾಲೆಗೆಂದು ಇಟ್ಟ ಕಾಮಕಸ್ತೂರಿ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿದೆ. ಒಂದೂ ಬಿಡಿ ಎಲೆಯಿಲ್ಲ, ಎಲ್ಲವೂ ದಂಟು ಸಮೇತ ಕತ್ತರಿಸಿದ ಕುಡಿಗಳು. ಮಾಲೆಯಲ್ಲಿ ಎಷ್ಟೋ ವರ್ಷದಿಂದ ನೋಡುತ್ತಿದ್ದರೂ ಗಮನಿಸಿರಲಿಲ್ಲ.

ಕುಡಿಯನ್ನೇ ಕತ್ತರಿಸುವುದಕ್ಕೆ ಕಾರಣವಿದೆ. ಪ್ರತಿ ಎಲೆಯ ಕಂಕುಳಲ್ಲೂ ಒಂದು ಮೊಗ್ಗು ಮಲಗಿರುತ್ತದೆ. ತುದಿಯ ಕುಡಿ ಇರುವವರೆಗೆ ಅದು ಕೆಳಗಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಕುಡಿಯನ್ನು ಒಂದು ಎಲೆಜೋಡಿಯ ಮೇಲಕ್ಕೆ ಕತ್ತರಿಸಿದರೆ ಆ ಜೋಡಿಯಿಂದ ಎರಡು ಕೊಂಬೆ ಹೊರಡುತ್ತವೆ. ಅವುಗಳ ತುದಿ ಕತ್ತರಿಸಿದರೆ ನಾಲ್ಕು. ನಾನು ಕೀಳುತ್ತಿದ್ದ ಬುಡದ ಎಲೆಗಳೋ, ಗಿಡಕ್ಕೆ ಊಟ ಮಾಡಿಹಾಕುವಂಥವು. ಅಂದರೆ ಬಿಡಬೇಕಾದ್ದನ್ನು ಕಿತ್ತು, ಕತ್ತರಿಸಬೇಕಾದ್ದನ್ನು ಕಾಪಾಡಿದ್ದೆ. ತಿಂಗಳುಗಟ್ಟಲೆ ಅಕ್ಕರೆಯಿಂದ ಮಾಡಿದ ಈ ಆರೈಕೆಯೇ ಗಿಡವನ್ನು ಸೊರಗಿಸಿತೆಂದು ತಿಳಿದಾಗ ನಿಜವಾಗಿ ದುಃಖವಾಯಿತು.

ಈಗ ಮೂರು-ನಾಲ್ಕು ಜೋಡಿ ಎಲೆ ಬಂದ ಕೂಡಲೇ ತುದಿ ಚಿವುಟುತ್ತೇನೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಲು; ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಪರಿಮಳವಿರುವುದು ಎಲೆಯ ಮೇಲಿನ ಸೂಕ್ಷ್ಮ ಎಣ್ಣೆಗ್ರಂಥಿಗಳಲ್ಲಿ, ಹಿಸುಕಿದರೆ ಕೊಯ್ಯುವಾಗಲೇ ಕೈಗಂಟಿ ಹೋಗುತ್ತದೆ. ಕೊಯ್ದದ್ದನ್ನು ಫ್ರಿಜ್ಜಿನಲ್ಲಿಟ್ಟು ಕಪ್ಪಾಗಿಸಿದ್ದೂ ಉಂಟು, ಈ ಎಲೆಗೆ ಥಂಡಿ ಆಗದು. ದಂಟನ್ನು ಲೋಟದ ನೀರಿನಲ್ಲಿ ನಿಲ್ಲಿಸಿ ಅಡುಗೆಮನೆಯಲ್ಲೇ ಇಟ್ಟರೆ ಹಲವು ದಿನ ತಾಜಾ ಇರುತ್ತದೆ. ಕೆಲವು ದಂಟು ಅಲ್ಲೇ ಬೇರು ಬಿಡುತ್ತವೆ. ನೆಟ್ಟರೆ ಹೊಸ ಗಿಡ. ತಂಬುಳಿಗೆ ಹಸಿಯಾಗಿಯೇ ಅರೆಯುತ್ತೇನೆ, ಕುದಿಸಿದರೆ ಘಮ ಆವಿಯಾಗುತ್ತದೆ. ಮಳೆಗಾಲದಲ್ಲಿ ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅಷ್ಟು ನೋಡಿಕೊಂಡರೆ ಸಾಕು.

ಒಂದು ಗಿಡವನ್ನು ಮಾತ್ರ ಹೂ ಬಿಡಲು ಬಿಡಿ, ಜೇನಿಗೂ ಬೀಜಕ್ಕೂ ಬೇಕು. ಉಳಿದವುಗಳಲ್ಲಿ ತೆನೆಯ ಸುಳಿ ಕಂಡಿದ್ದರೆ ನಾಳೆಗೆ ಮುಂದೂಡಬೇಡಿ, ಎರಡು ಜೋಡಿ ಎಲೆ ಸಮೇತ ಇವತ್ತೇ ಕತ್ತರಿಸಿ.