ಎರಡ ಚಮಚಾ ನೀರು

ನಮ್ಮ ಮನ್ಯಾಗ ಕೆಳಗ ಕಾರ ಹಚ್ಚೋ ಜಾಗಾಕ್ಕ ನಾ ಗ್ಯಾರೇಜ ಅಂತೇನಿ, ನನ್ನ ಹೆಂಡತಿ ‘ಹಳೇ ಸಾಮಾನಿನ ಕೋಲಿ’ ಅಂತಾಳ. ಇಬ್ಬರದೂ ಖರೇನ. ಒಂದ ಆಲ್ಟೊ, ಎರಡ ಸ್ಕೂಟರ, ಮಗಂದೊಂದ ಸೈಕಲ್, ಅಂವಾ ಸಣ್ಣಂವ ಇದ್ದಾಗಿನ ಮುರದ ತೊಟ್ಲಾ, ನಮ್ಮವ್ವನ ಒಳಕಲ್ಲು, ಇಷ್ಟರ ನಡುವ ನಾ ಒಂದ ಕಂಪ್ರೆಸರ್ ತಂದ ಇಟ್ಟ ಮೂರ ವರ್ಷ ಆಗಲಿಕ್ಕೆ ಬಂತು. ಈಗ ಓಣ್ಯಾಗ ಯಾರ ಗಾಡಿ ಗಾಳಿ ಇಳದ್ರೂ ಮೊದ್ಲ ನಮ್ಮ ಗೇಟ ಬಡೀತಾರ. ‘ಏನ್ರಿ, ಒಂಚೂರ ಗಾಳಿ ಹಾಕ್ತೀರೇನ’ ಅಂತ. ಹಂಗ ಬಂದೋರು ಚಹಾ ಕುಡದ ಹೋಗ್ತಾರ. ‘ಪೆಟ್ರೋಲ ಬಂಕಿನಾಗ ಗಾಳಿ ಅಷ್ಟ ಪುಕಟ, ನಮ್ಮಲ್ಲೆ ಗಾಳಿ ಜೋಡಿ ಚಹಾನೂ ಪುಕಟ’ ಅಂತ ನನ್ನ ಹೆಂಡತಿ ಮಾರಿ ಮ್ಯಾಲೇನ ಅಂತಾಳ, ಅವರ ಮಾರಿ ಮ್ಯಾಲೆ ಅಲ್ಲಾ, ನನ್ನ ಮಾರಿ ಮ್ಯಾಲೆ.

ತಗೊಂಡ ಕಾರಣಾ ಭಾಳ ಸಣ್ಣದು. ಒಂದ ದಿವಸ ಮುಂಜಾನೆ ಆಫೀಸಿಗೆ ಹೊಂಟಾಗ ಕಾರಿನ ಟಯರ ನೆಲಕ್ಕ ಕುಂತಿತ್ತು. ಸ್ಟೆಪ್ನಿ ಹಾಕೋಣಂದ್ರ ಅದರಾಗೂ ಗಾಳಿ ಇಲ್ಲ. ಅವತ್ತ ಲೇಟ ಆಗಿ ಸಾಹೇಬರ ಕಡೆ ಅನಿಸ್ಕೊಂಡ ಸಿಟ್ಟಿನಾಗ ಗೋಕುಲ ರೋಡಿಗೆ ಹೋಗಿ ಒಂದ ಅಂಗಡ್ಯಾಗ 24 ಲೀಟರ ಟಾಕಿದ್ದ ಕಂಪ್ರೆಸರ್ ಎಂಟ ಸಾವಿರಕ್ಕ ತಗೊಂಡ ಬಂದೆ. ಈಗ ಯಾರರೆ ಕೇಳಿದ್ರ ನಾ ಖರೇ ಹೇಳ್ತೇನಿ. ಬರೇ ಟಯರಿಗೆ ಗಾಳಿ ಹಾಕೋದಿದ್ರ ಕಾರಿನ ಸಿಗರೇಟ ಲೈಟರ್ ತೂತಿಗೆ ಚುಚ್ಚೋ ಸಣ್ಣ ಪಂಪ ಸಾಕ್ರಿ, ಇದು ಬ್ಯಾಡ. ಆಲ್ಟೊ ಟಯರಿಗೆ ಬೇಕಾಗೋದ ಸುಮಾರ 30 ಪಿಎಸ್‌ಐ, ಇದು ಕೊಡೋದ 115. ಗೇಟಿಗೆ ಬಣ್ಣಾ ಹೊಡಿಯೋದು, ಕಿಡಕಿ ಜಾಳಗಿ, ಫ್ಯಾನು, ಸ್ಕೂಟರಿನ ಏರ ಫಿಲ್ಟರ ಊದಿ ಸ್ವಚ್ಛ ಮಾಡೋದು, ಇಷ್ಟ ಮಾಡೋ ಹುಚ್ಚ ಇದ್ದೋರಿಗಷ್ಟ ಇದು. ನನಗ ಹುಚ್ಚ ಇತ್ತು.

ಹುಚ್ಚ ಇತ್ತು ಆದ್ರ ಬುದ್ಧಿ ಇರಲಿಲ್ಲ. ಡಬ್ಬ್ಯಾಗ ಬಂದ ಪುಸ್ತಕಾ ನಾ ಓದಲಿಲ್ಲ, ಮಗಾ ಅದರ ಹಾಳಿ ಹರದ ವಿಮಾನ ಮಾಡಿದಾ. ಮೊದಲ್ನೇ ದಿವಸ ಟಿವಿಗೆ ಹಾಕಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿ ಚಾಲು ಮಾಡಿದೆ. ಈ 2 ಎಚ್‌ಪಿ ಮೋಟರ ಓಡೋ ಮುಂದನ 7-8 ಆಂಪಿಯರ ಎಳೀತದ, ಶುರು ಆಗೋ ಮುಂದ ಅದರ ಎಷ್ಟೋ ಪಟ್ಟ. ನಮ್ಮ ಬೋರ್ಡ 5 ಆಂಪಿಯರಿಂದು. ಹತ್ತ ನಿಮಿಷದಾಗ ಬೋರ್ಡ ಕರಗಿ ವಾಸನಿ ಮ್ಯಾಲಿನ ಮನಿತನಕಾ ಹೋತು. ಆಮ್ಯಾಲೆ ಎಲೆಕ್ಟ್ರಿಷಿಯನ್ನ ಕರಿಸಿ ದಪ್ಪ ವಾಯರ ಎಳಿಸಿ 16 ಆಂಪಿಯರ ಪ್ಲಗ್ಗ ಹಾಕಿಸಿದೆ, ಅದಕ್ಕ ಬ್ಯಾರೆ ಖರ್ಚು. ಎರಡನೇ ತಪ್ಪು ಎಣ್ಣೀದು. ಇದು ಎಣ್ಣಿ ಹಾಕೋ ಜಾತಿ ಮಷೀನು. ಹಾದ್ಯಾಗ ಚಲ್ಲಬಾರದಂತ ಪಂಪಿನ ಮ್ಯಾಲೊಂದ ಪ್ಲಾಸ್ಟಿಕ್ ಬಿರಡಿ ಹಾಕಿ ಕಳಸಿರ್ತಾರ, ಅದನ್ನ ತಗದ ಉಸರಾಡೋ ತೂತ ಇದ್ದ ಬಿರಡಿ ಹಾಕಬೇಕು, ಪಕ್ಕದ ಗಾಜಿನ ಕಣ್ಣಿನಾಗ ಕೆಂಪ ಚುಕ್ಕಿತನಕಾ ಎಣ್ಣಿ ಇರಬೇಕು. ನಾ ಆ ಗಾಜಿನ ಕಣ್ಣ ಶೋಕಿಗೆ ಇಟ್ಟಾರಂತ ತಿಳದಿದ್ದೆ. ಪುಣ್ಯಾಕ್ಕ ಕರಗಿದ ಬೋರ್ಡ ನೋಡಲಿಕ್ಕೆ ಬಂದ ಎಲೆಕ್ಟ್ರಿಷಿಯನ್ನನ ಇದನ್ನೂ ಹೇಳಿ ಹೋದಾ, ಇಲ್ಲಂದ್ರ ಪಿಸ್ಟನ್ ಅವತ್ತ ಹಿಡಕೋತಿತ್ತು.

ಹಿಂಗ ಹದಿನಾಕ ತಿಂಗಳ ನಡೀತು. ಅಷ್ಟರಾಗ ಗದಗಿನಾಗ ನಮ್ಮವ್ವ ಹೋದ್ಲು. ಅಪ್ಪ ಒಬ್ಬನ ಆದಾ ಅಂತ ನಾ ಅಂವನ್ನ ಹುಬ್ಬಳ್ಳಿಗೆ ಕರಕೊಂಡ ಬಂದೆ.

ನಮ್ಮಪ್ಪ ಹುಬ್ಬಳ್ಳಿ ರೇಲ್ವೆ ವರ್ಕಶಾಪಿನಾಗ ಫಿಟ್ಟರ ಇದ್ದಾ. ಇಡೀ ಸರ್ವಿಸ್ ಬೋಗಿ ಕೆಳಗ ಕುಂತ ಬ್ರೇಕ್ ನೋಡ್ಯಾನ. ಕಿವಿ ಅಲ್ಲೇನ ಅರ್ಧಾ ಹೋಗ್ಯಾವ. ಮೊದ್ಲೇ ಮಾತ ಕಡಿಮಿ, ಅವ್ವ ಹೋದ ಮ್ಯಾಲಂತೂ ಪೂರಾ ಬಂದ. ಊಟಕ್ಕ ಕರದ್ರ ಬರೋದು, ಇಲ್ಲಾಂದ್ರ ಕಿಡಕಿ ಕಡೆ ಮಾರಿ ಮಾಡಿ ಕುಂಡ್ರೋದು. ನನ್ನ ಹೆಂಡತಿ ‘ರೀ, ಮಾವಾರಿಗೆ ಏನರೆ ಕೆಲಸಾ ಹಚ್ಚರಿ, ಹಿಂಗ ಕುಂತ್ರ ಅವರೂ ಹೋಗ್ತಾರ’ ಅಂತ ದಿನಾ ಅನ್ನೋಕಿ. ಯಾವ ಕೆಲಸಾ ಹಚ್ಚೋದು? ಕಾಯಿಪಲ್ಯಾ ತರಲಿಕ್ಕೆ ಕಳಸಿದ್ರ ಮಂದಿ ಮಾತ ಕೇಳಸಂಗಿಲ್ಲ.

ಒಂದ ರವಿವಾರ ನಾ ಸ್ಕೂಟರ ಊದಲಿಕ್ಕೆ ಮಷೀನ ಚಾಲು ಮಾಡಿದೆ. ಆ ಸಪ್ಪಳ ಅರ್ಧಾ ಕಿವಿಗೂ ಮುಟ್ಟಿರಬೇಕು, ಅಪ್ಪ ತಾನ ಮೆಟ್ಟಲಾ ಇಳದ ಬಂದಾ. ಮಷೀನ ನೋಡಿದಾ, ಬಗ್ಗಿ ಟಾಕಿ ಕೆಳಗ ಕೈ ಆಡಸಿದಾ, ಆಮ್ಯಾಲೆ ಕೇಳಿದಾ:

‘ನೀರ ಯಾವಾಗ ತಗದಿ?’

‘ಯಾವ ನೀರು? ಇದು ಗಾಳಿ ಮಷೀನ ಅಪ್ಪಾ.’

ನನ್ನ ಮಾರಿ ಹೆಂಗ ನೋಡಿದಾ ಅಂದ್ರ, ಹತ್ತನೇತ್ತಾ ಗಣಿತದಾಗ 36 ತಗೊಂಡ ಬಂದಾಗೂ ಹಂಗ ನೋಡಿರಲಿಲ್ಲ. ಟಾಕಿ ಹೊಟ್ಟಿ ಕೆಳಗ ಒಂದ ಸಣ್ಣ ಕಾಕ್ ಇರ್ತದ, ಅದು ತಿರುಗಲೇ ಇಲ್ಲ, ಜಂಗ ಹಿಡದಿತ್ತು. ರಾತ್ರಿ ಸೀಮಿಎಣ್ಣಿ ಹಚ್ಚಿ ಬಿಟ್ಟು ಮರದಿವಸ ಪಾನಾ ಹಾಕಿ ತಿರುವಿದಾ. ಅರ್ಧಾ ತಂಬಗಿ ನೀರ ಬಂತ್ರಿ, ಬಣ್ಣಾ ಥೇಟ್ ನಮ್ಮ ಆಫೀಸ ಕ್ಯಾಂಟೀನ್ ಚಹಾ.

ಗಾಳ್ಯಾಗ ಯಾವಾಗ್ಲೂ ಒಂದೀಟ ನೀರಿನ ಅಂಶ ಇರ್ತದ. ಅದನ್ನ ಒತ್ತಿ ತುಂಬಿದಾಗ ಕಾಯ್ತದ, ಆಮ್ಯಾಲೆ ಟಾಕ್ಯಾಗ ಆರತದ, ಆರಿದಾಗ ನೀರು ತಳಕ್ಕ ಕುಂಡರ್ತದ. ಟಾಕಿ ಕಬ್ಬಣದ್ದು, ಒಳಗ ಬಣ್ಣಾ ಇರಂಗಿಲ್ಲ. ಸಸ್ತಾ ಮಷೀನಿನಾಗ ತಗಡ ತೆಳು. ಅದು ಒಳಗಿಂದ ತಿನ್ನಕೋತ ಬರ್ತದ, ಹೊರಗ ನೋಡಿದ್ರ ಹೊಸಾದು ಹೊಸಾದಿದ್ದಂಗ. ‘ಎಂಟ ಕಿಲೋ ಅಂದ್ರ ಏನಂತ ತಿಳದಿ? ನಿನ್ನ ಉಗರಿನಷ್ಟ ಜಾಗಾದ ಮ್ಯಾಲೆ ಎಂಟ ಕಿಲೋ. ಅಂಗೈಯಷ್ಟ ಜಾಗಾ ಹಿಡದ್ರ ನಿನ್ನ ಕಾರು ಅದರ ಮ್ಯಾಲೆ ನಿಂತಂಗ. ರೇಲ್ವೆ ಬ್ರೇಕ್ ಪೈಪಿನಾಗ ನಾವು ಇಡೋದ ಐದು’ ಅಂದಾ. ಅವ್ವ ಹೋದ ಮ್ಯಾಲೆ ಅಂವಾ ಒಂದ ಸಲಾ ಅಷ್ಟ ಮಾತಾಡಿದ್ದ ಅದ ಮೊದ್ಲು.

ಅವತ್ತಿನಿಂದ ಕಂಪ್ರೆಸರ್ ನಂದಲ್ಲ. ದಿನಾ ಸಂಜಿ ಆರಕ್ಕ ಅಪ್ಪ ಅವ್ವನ ಒಂದ ಸಣ್ಣ ಸ್ಟೀಲ್ ವಾಟಗಾ ಹಿಡಕೊಂಡ ಕೆಳಗ ಹೋಗಂವಾ. ಪೂರಾ ಗಾಳಿ ಬಿಟ್ಟಮ್ಯಾಲೆ ಕಾಕ್ ತಗದ್ರ ನೀರ ಸರಿ ಬರಂಗಿಲ್ಲ, ಒಂದ ಕಿಲೋದಷ್ಟ ಉಳಿಸಿ ತಗೀಬೇಕು, ಅದ ನೀರನ್ನ ದಬ್ಬತದ. ಬಂದ ನೀರು ಎಷ್ಟ ಚಮಚಾ ಅಂತ ನೋಡಿ ಗಿಡಕ್ಕ ಚಲ್ಲಂವಾ. ವಾರಕ್ಕೊಮ್ಮೆ ಸೇಫ್ಟಿ ವಾಲ್ವಿನ ಉಂಗರಾ ಎಳದ ‘ಫಸ್’ ಅನಿಸಂವಾ, ಅದು ಹಿಡಕೊಂಡಿರಬಾರದು. ಮೋಟರ ಬಂದ ಆದಾಗೊಮ್ಮೆ ಸ್ವಿಚ್ಚಿನ ಹತ್ರ ‘ಫುಸ್ಸ್’ ಅಂತ ಸಣ್ಣಗ ಗಾಳಿ ಬಿಡಬೇಕು, ಬಿಡಲಿಲ್ಲಂದ್ರ ಮುಂದಿನ ಸಲಾ ಮೋಟರ ಭಾರಾ ತಾಳಲಾರದ ಬರೇ ಗುಂಯ್ ಅಂತದ. ಈ ಸಪ್ಪಳ ಅಂವಗ ಕೇಳಸ್ತಿರಲಿಲ್ಲ, ಅದಕ್ಕ ಬೆರಳ ಹಿಡದ ನೋಡಂವಾ. ಮೊದಲ್ನೇ ಎಣ್ಣಿ ಕಾಡಿಗ್ಯಾಗಿತ್ತು, ತಗಸಿ ಕಂಪ್ರೆಸರ್ ಎಣ್ಣೀನ ಹಾಕಿಸಿದಾ. ನಾ ಬೈಕಿನ ಎಣ್ಣಿ ಉಳದದ ಅಂದಿದ್ದಕ್ಕ ಬೈಸಿಕೊಂಡೆ. ಏರ ಫಿಲ್ಟರಿನ ಸ್ಪಂಜ ಹದಿನೈದ ದಿವಸಕ್ಕೊಮ್ಮೆ ಸಬಕಾರದಾಗ ತೊಳೆಯೋದು. ಧಾರವಾಡಕ್ಕ ಧೂಳವಾಡ ಅಂತಾರಲ್ಲಾ, ಹುಬ್ಬಳ್ಳಿ ಏನ ಕಡಿಮಿ ಇಲ್ರಿ. ಓಣಿ ಮಂದಿ ಗಾಳಿ ಹಾಕಸ್ಕೊಳ್ಳಿಕ್ಕೆ ಬರೋದು ಜಾಸ್ತಿ ಆತು, ಅಪ್ಪ ಅವರ ಜೋಡಿ ಮಾತಾಡಲಿಕ್ಕೆ ಶುರು ಮಾಡಿದಾ. ನನ್ನ ಹೆಂಡತಿ ಚಹಾದ ಲೆಕ್ಕಾ ಬಿಟ್ಲು.

ಹೋದ ಮಳಗಾಲದಾಗ ಅಪ್ಪ ಬಚ್ಚಲದಾಗ ಜಾರಿ ಬಿದ್ದಾ. ಚಪ್ಪಿ ಎಲಬ ಮುರೀತು. ಆಪರೇಶನ್ ಆತು, ಮನಿಗೆ ಬಂದಾ, ಆದ್ರ ಮೆಟ್ಟಲಾ ಇಳಿಯೋದ ನಿಂತ ಹೋತು. ಮಂಚದ ಮ್ಯಾಲಿಂದನ ದಿನಾ ಸಂಜಿಗೆ ಕೇಳಂವಾ, ‘ನೀರ ತಗದ್ಯಾ?’ ‘ಹೂಂ.’ ‘ಎಷ್ಟ ಬಂತು?’ ‘ಎರಡ ಚಮಚಾ.’

ಮೊದಲ್ನೇ ವಾರ ಖರೇನ ತಗದಿದ್ದೆ. ಆಮ್ಯಾಲೆ ದವಾಖಾನಿ, ಆಫೀಸು, ಅಂವನ ಔಷಧ, ಮಗನ ಪರೀಕ್ಷಾ. ಒಂದ ದಿವಸ ಆಗಲಿಲ್ಲ, ‘ಹೂಂ’ ಅಂದೆ. ಎರಡನೇ ದಿವಸ ಅಷ್ಟ ಕಷ್ಟಾ ಆಗಲಿಲ್ಲ. ಆಮ್ಯಾಲೆ ಮೆಟ್ಟಲಾ ಇಳಿಯೋದ ಬಿಟ್ಟೇ ಬಿಟ್ಟೆ, ‘ಎರಡ ಚಮಚಾ’ ಅನ್ನೋದ ಬಿಡಲಿಲ್ಲ. ಮಷೀನ ಮಾತ್ರ ನಡದಿತ್ತು. ಓಣಿ ಮಂದಿ ಬರೋರು, ಮಗಾ ತಾನ ಚಾಲು ಮಾಡಿ ಹಾಕಿ ಕೊಡಂವಾ.

ದೀಪಾವಳಿ ಮುಗದ ಕಾರ್ತೀಕದಾಗ ಒಂದ ಸಂಜಿ, ನಾ ‘ಎರಡ ಚಮಚಾ’ ಅಂದ ಕೂಡಲೇ ಅಪ್ಪ ಛತ್ತ ನೋಡಕೋತ ಅಂದಾ, ‘ಮಳಿ ಹೋಗಿ ತಿಂಗಳಾತು. ಇನ್ನೂ ಎರಡ ಚಮಚಾನ ಬರ್ತದೇನು?’

ನನಗ ಉತ್ತರಾ ಬರಲಿಲ್ಲ. ಅಂವಾ ಮತ್ತ ಕೇಳಲೂ ಇಲ್ಲ. ಅವತ್ತ ರಾತ್ರಿನ ಇಳದ ಹೋಗಬೇಕಿತ್ತು, ನಾಳೆ ನೋಡಿದ್ರಾತು ಅಂತ ಮಲ್ಕೊಂಡೆ. ನಾಳೆ ಶುಕ್ರವಾರ, ನಾಡದ ಶನಿವಾರ.

ರವಿವಾರ ಮುಂಜಾನೆ ಮಗಾ ಕೆಳಗಿಂದ ಒದರಿದಾ, ‘ಪಪ್ಪಾ, ಮಷೀನ ಬಂದ ಆಗವಲ್ತು.’ ಹೋಗಿ ನೋಡಿದೆ. ಗಾಳಿ ಯಾರೂ ತಗೋವಲ್ಲರು, ಆದ್ರೂ ಮುಳ್ಳ ಇಳೀತದ, ಮೋಟರ ಮತ್ತ ಮತ್ತ ಚಾಲು ಆಗ್ತದ. ಸಬಕಾರದ ನೀರ ಹಚ್ಚಿ ಎಲ್ಲಾ ಜಾಯಿಂಟ ನೋಡಿದೆ, ಎಲ್ಲೂ ಗುಳ್ಳಿ ಇಲ್ಲ. ಅಷ್ಟರಾಗ ಮಗಾ ಫರಶಿ ಮ್ಯಾಲೆ ಅಡ್ಡಾ ಮಲಗಿ ಟಾಕಿ ಹೊಟ್ಟಿ ಕೆಳಗ ತಲಿ ಹಾಕಿ, ‘ಇಲ್ಲೆ ನೋಡ್ರಿ, ಇಲ್ಲೆ ಬರಲಿಕ್ಕತ್ತದ’ ಅಂದಾ. ಅಂವನ ಕಣ್ಣಿಂದ ಒಂದ ಗೇಣಿನ ಮ್ಯಾಲೆ ಕಂದ ಬಣ್ಣದ ಹಸಿ ಕಲೆ, ನಡುವ ಸೂಜಿ ಮೊನಿಯಷ್ಟ ತೂತು, ಗುಳ್ಳಿ ಏಳಲಿಕ್ಕತ್ತಿತ್ತು. ಮೀಟರಿನಾಗ ಮುಳ್ಳ ಏಳರ ಮ್ಯಾಲೆ.

ನಾ ಅಂವನ್ನ ಕಾಲ ಹಿಡದ ಎಳದೆ. ಮಣಕಾಲ ತರಚಿ ಅಳಲಿಕ್ಕೆ ಶುರು ಮಾಡಿದಾ. ಪ್ಲಗ್ಗ ತಗದ, ಅಂವನ್ನ ಹೊರಗ ಕಳಸಿ, ವಾಲ್ವಿನ ಉಂಗರಾ ಎಳದೆ. ಮೊದಲ್ನೇ ಸಲಾ ಬರಲಿಲ್ಲ, ಹಿಡಕೊಂಡ ಬಿಟ್ಟಿತ್ತು. ಪಕ್ಕಡ ಹಾಕಿ ಎಳದ ಮ್ಯಾಲೆ ಗಾಳಿ ಬಿಡ್ತು. ಗಾಳಿ ಪೂರಾ ಹೋಗೋತನಕಾ ನನ್ನ ಕೈ ನಡಗೋದ ನಿಲ್ಲಲಿಲ್ಲ.

ಓಣ್ಯಾಗ ಒಬ್ಬಾವ ‘ಏನಿಲ್ರಿ, ವೆಲ್ಡಿಂಗ್ ಹೊಡಸರಿ, ಎರಡನೂರ ರೂಪಾಯಿ ಕೆಲಸಾ’ ಅಂದಾ. ನನಗೂ ಎಂಟ ಸಾವಿರದ ಮುಂದ ಎರಡನೂರ ಅಂದಾಗ ಮನಸ್ಸ ಹಾರ್ತು. ಅಪ್ಪಗ ಹೇಳಬೇಕಾತು. ಎಲ್ಲಾ ಹೇಳಿದೆ, ಎರಡ ಚಮಚಾದ್ದೂ. ನನ್ನ ಹೆಂಡತಿ ಬಾಗಲದಾಗ ನಿಂತ ಕೇಳಿದ್ಲು.

ಅಪ್ಪ ಬೈಲಿಲ್ಲ. ‘ಹುಡುಗ ಎಲ್ಲಿದ್ದಾ?’ ಅಂದಾ. ಎಲ್ಲಿದ್ದಾ ಅಂತ ಹೇಳಿದೆ. ಭಾಳ ಹೊತ್ತ ಸುಮ್ಮನಿದ್ದಾ. ಆಮ್ಯಾಲೆ, ‘ವೆಲ್ಡಿಂಗ್ ಬ್ಯಾಡ. ಒಂದ ತೂತ ಬಿದ್ದದ ಅಂದ್ರ ಅದರ ಸುತ್ತಲಿನ ತಗಡೂ ಹಂಗ ತೆಳು ಆಗಿರ್ತದ. ಒಂದ ಮುಚ್ಚಿದ್ರ ಇನ್ನೊಂದ ಕಡೆ ಒಡೀತದ. ಗುಜರಿಗೆ ಕೊಡೋಕ್ಕಿಂತ ಮೊದ್ಲ ಡ್ರಿಲ್ ಹಾಕಿ ಟಾಕಿಗೆ ನಾಕ ದೊಡ್ಡ ತೂತ ಹೊಡಿ, ಬ್ಯಾರೆ ಯಾರೂ ಅದನ್ನ ಬಳಸಬಾರದು’ ಅಂದಾ. ಹಂಗ ಮಾಡಿದೆ. ತೂತಿನಿಂದ ಒಳಗ ಬ್ಯಾಟರಿ ಬಿಟ್ಟ ನೋಡಿದ್ರ ತಳದಾಗ ಜಂಗಿನ ಹಕ್ಕಳಿ ಒಣಗಿದ ಕೆರಿ ಮಣ್ಣಿನಂಗ ಎದ್ದಿದ್ವು. ಮೊದಲಿನ ಹದಿನಾಕ ತಿಂಗಳದ್ದೆಷ್ಟು, ಈ ಐದ ತಿಂಗಳದ್ದೆಷ್ಟು ಅಂತ ಬಿಡಿಸಿ ಹೇಳಲಿಕ್ಕೆ ಬರಂಗಿಲ್ಲ. ಎರಡೂ ನಂದ.

ಪಂಪು ಮೋಟರ ಚಲೋ ಇದ್ವು, ಗುಜರಿಯಂವಾ ಅದಕ್ಕಷ್ಟ ಒಂದ ಬೆಲಿ ಕೊಟ್ಟಾ. ಹೊಸಾದ ಅದ ಅಳತೀದ ತಂದೆ. ‘ಎರಡ ಚಮಚಾ ನೀರಿಗೆ ಎಂಟ ಸಾವಿರ, ಮಿನರಲ್ ವಾಟರಕಿಂತಾ ತುಟ್ಟಿ ಆತು’ ಅಂತ ನನ್ನ ಹೆಂಡತಿ ಇನ್ನೂ ಅಂತಾಳ, ಮುಂದ ಹತ್ತ ವರ್ಷ ಅಂತಾಳ. ಈ ಸಲಾ ಪುಸ್ತಕಾ ಅಪ್ಪನ ತಲಿದಿಂಬಿನ ಕೆಳಗ ಅದ.

ಈಗ ಬಾಯಿ ಲೆಕ್ಕಾ ನಡಿಯಂಗಿಲ್ಲ. ದಿನಾ ಸಂಜಿ ನಾ ವಾಟಗಾ ಮ್ಯಾಲೆ ತಂದ ತೋರಸಬೇಕು. ಮಗಾ ಕ್ಯಾಲೆಂಡರಿನಾಗ ಎಷ್ಟ ಚಮಚಾ ಅಂತ ಬರೀತಾನ. ನಿನ್ನೆ ನೀರು ಬರಲೇ ಇಲ್ಲ. ಖಾಲಿ ವಾಟಗಾನ ತಂದ ಅಪ್ಪನ ಕೈಯಾಗ ಕೊಟ್ಟೆ. ಅಂವಾ ಒಳಗ ಬೆರಳ ಆಡಸಿ, ಬೆರಳ ಬೆಳಕಿಗೆ ಹಿಡದ ನೋಡಿದಾ.

‘ಹೂಂ. ಥಂಡಿ ಹವಾ ಒಣಗಲಿಕ್ಕತ್ತದ. ಸೊನ್ನಿ ಬರಿ’ ಅಂತ ಮೊಮ್ಮಗಗ ಹೇಳಿ ವಾಟಗಾ ನನಗ ವಾಪಸ್ ಕೊಟ್ಟಾ.